ಕಿಟಕಿ ತೆರೆಯಬೇಕೇ, ಮುಚ್ಚಬೇಕೇ?

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಸ್ವಂತ ವಾಹನವುಳ್ಳವರು ಕಡಿಮೆ. ಹೆಚ್ಚಿನವರು ಬೆಳಗ್ಗೆ ಬೆಸೆಂಟ್ ನಗರದ ನಿಲ್ದಾಣದಲ್ಲಿ ಬಸ್ಸು ಹತ್ತಿ, ದೀಪ ಹಚ್ಚುವ ಹೊತ್ತಿಗೆ ಅಲ್ಲಿಯೇ ಬಂದಿಳಿಯುವವರು. ಪೆರಂಬೂರಿಗೆ ಹೋಗುವ ೨೯ಸಿ ಬಸ್ಸನ್ನೇ ತೆಗೆದುಕೊಳ್ಳಿ. ಅಡ್ಯಾರು, ಮೈಲಾಪುರ ದಾಟುವಷ್ಟರಲ್ಲಿ ಅದರಲ್ಲಿ ಕಾಲೂರಲು ಸ್ಥಳವಿರುವುದಿಲ್ಲ. ಆ ನೂಕುನುಗ್ಗಲಿನಲ್ಲಿ ದಿನವೂ ನಡೆಯುವ ಒಂದು ಜಗಳವನ್ನು ವಾಚಕರೆಲ್ಲರೂ ಬಲ್ಲರು. ಒಬ್ಬರು ಸೆಕೆಯೆಂದು ಕಿಟಕಿ ತೆರೆಯುತ್ತಾರೆ. ಹಿಂದಿನ ಸೀಟಿನವರು ಗಾಳಿ ಹೊಡೆಯುತ್ತದೆಂದು ಮುಚ್ಚಿಸುತ್ತಾರೆ. ಮಾತಿಗೆ ಮಾತು ಬೆಳೆಯುತ್ತದೆ. ತಮಿಳು ಸರಿಯಾಗಿ ಬಾರದ ನಮ್ಮವರು ಅರ್ಧ ಮಾತಿನಲ್ಲಿ ನಿಂತು ಮುಖ ತಿರುಗಿಸಿಕೊಳ್ಳುತ್ತಾರೆ. ಇದರಲ್ಲಿ ಯಾರ ಪಕ್ಷ ನ್ಯಾಯವಾದುದೆಂದು ಮಿತ್ರರು ಕೇಳುವುದುಂಟು. ತೀರ್ಪು ಹೇಳುವ ಮುನ್ನ, ಜಗಳದ ವಸ್ತುವಾದ ಗಾಳಿಯ ವಿಚಾರ ಸ್ವಲ್ಪ ತಿಳಿಯುವುದು ಒಳ್ಳೆಯದು.

ಗಾಳಿ ಎಂಬ ಒಂದೇ ಮಾತಿನಲ್ಲಿ ನಾವು ಮೂರು ಬೇರೆ ಸಂಗತಿಗಳನ್ನು ಹೇಳುತ್ತೇವೆ. ಉಸಿರಾಟಕ್ಕೆ ಬೇಕಾದ ಹೊಸ ಗಾಳಿ ಒಂದು. ಬೆವರನ್ನು ಆರಿಸಿ ಮೈ ತಂಪು ಮಾಡುವ ಬೀಸುಗಾಳಿ ಇನ್ನೊಂದು. ಕಿವಿಗೂ ಕತ್ತಿಗೂ ನೇರವಾಗಿ ಬಡಿಯುವ ಗಾಳಿ ಮತ್ತೊಂದು. ತೆರೆಯಿರಿ ಎನ್ನುವವರು ಮೊದಲೆರಡನ್ನು ಕೇಳುತ್ತಾರೆ; ಮುಚ್ಚಿರಿ ಎನ್ನುವವರು ಮೂರನೆಯದನ್ನು ಬೇಡವೆನ್ನುತ್ತಾರೆ. ಬೇರೆ ಬೇರೆ ವಸ್ತುವಿನ ಮೇಲೆ ವಾದ ಹೂಡಿದವರ ವಾದ ಮುಗಿಯುವುದಾದರೂ ಹೇಗೆ?

ಈ ಮೂರನ್ನು ಬಿಡಿಸಿ ನೋಡಲು ವಿಜ್ಞಾನಿಗಳಿಗೂ ಬಹಳ ಕಾಲ ಹಿಡಿಯಿತು. ೧೮೫೮ರಲ್ಲಿ ಮ್ಯೂನಿಕ್ ನಗರದ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಎಂಬವರು, ಕೋಣೆಯ ಗಾಳಿಯಲ್ಲಿ ಇಂಗಾಲಾಮ್ಲ ಅನಿಲ ಸಾವಿರಕ್ಕೆ ಒಂದು ಪಾಲನ್ನು ಮೀರಿದರೆ ಆ ಗಾಳಿ ಕೆಟ್ಟಿತೆಂದು ತಿಳಿಯಬೇಕು ಎಂದರು. ಜನಸಂದಣಿಯಲ್ಲಿ ತಲೆ ಸುತ್ತುವುದಕ್ಕೆ ಆ ಅನಿಲವೇ ಕಾರಣವೆಂದು ಹಲವರು ನಂಬಿದರು. ಪೆಟೆನ್‌ಕೋಫರರು ಅದನ್ನು ಅಳತೆಗೋಲಾಗಿ ಹಿಡಿದಿದ್ದರೇ ಹೊರತು ವಿಷವೆಂದು ಹೇಳಿರಲಿಲ್ಲ. ೧೯೦೫ರಲ್ಲಿ ಜರ್ಮನಿಯ ಕಾರ್ಲ್ ಫ್ಲ್ಯೂಗೆ, ಆಮೇಲೆ ಲಂಡನ್ನಿನ ಲೆನರ್ಡ್ ಹಿಲ್ ಇದನ್ನು ಪ್ರಯೋಗಕ್ಕೆ ಒಡ್ಡಿದರು. ಹಿಲ್ ತಮ್ಮ ವಿದ್ಯಾರ್ಥಿಗಳನ್ನು ಒಂದು ಸಣ್ಣ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂಡಿಸಿ ಬಾಗಿಲು ಬಿಗಿದರು. ಆಮ್ಲಜನಕ ಇಳಿಯಿತು, ಸೆಕೆ, ತೇವ, ಸಂಕಟ ಏರಿದವು. ಕೊಳವೆಯ ಮೂಲಕ ಹೊರಗಿನ ಶುದ್ಧ ಗಾಳಿ ಕುಡಿಸಿದರೂ ಸಂಕಟ ತಗ್ಗಲಿಲ್ಲ. ಒಳಗಿನ ಅದೇ ಕೆಟ್ಟ ಗಾಳಿಯನ್ನು ವಿದ್ಯುತ್ ಪಂಖದಿಂದ ತಿರುಗಿಸಿದೊಡನೆ ಹುಡುಗರಿಗೆ ಜೀವ ಬಂದಂತಾಯಿತು! ಹೊರಗೆ ನಿಂತು ಒಳಗಿನ ಗಾಳಿಯನ್ನು ಕೊಳವೆಯಿಂದ ಎಳೆದುಕೊಂಡವರಿಗೆ ಏನೂ ಆಗಲಿಲ್ಲ.

ಅಂದರೆ ಮುಚ್ಚಿದ ಬಸ್ಸಿನಲ್ಲಿ ‘ಉಸಿರು ಕಟ್ಟುತ್ತದೆ’ ಎಂದಾಗ ಸಾಮಾನ್ಯವಾಗಿ ಕಟ್ಟುವುದು ಉಸಿರಲ್ಲ. ಮೈಯ ಶಾಖ ಹೊರಗೆ ಹೋಗಲಾರದೆ ಕಟ್ಟಿಕೊಳ್ಳುತ್ತದೆ. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಮೈಯಿಂದ ಸುಮಾರು ೧೦೦ ವ್ಯಾಟಿನಷ್ಟು ಶಾಖ ಹೊರಡುತ್ತದೆ. ಅರವತ್ತು ಜನ ತುಂಬಿದರೆ ೬,೦೦೦ ವ್ಯಾಟು. ಸಾವಿರ ವ್ಯಾಟಿನ ಆರು ಇಸ್ತ್ರಿಪೆಟ್ಟಿಗೆಗಳನ್ನು ಬಸ್ಸಿನೊಳಗೆ ಉರಿಸಿಟ್ಟಂತೆ. ಜೊತೆಗೆ ಮದರಾಸಿನ ತೇವದ ಹವೆ, ಒಣಗದ ಬೆವರು. ಈ ಸ್ಥಿತಿಯಲ್ಲಿ ಕಿಟಕಿ ಕೇಳುವವರನ್ನು ‘ಇವರಿಗೊಬ್ಬರಿಗೇ ಸೆಕೆ’ ಎಂದು ಗೇಲಿ ಮಾಡುವುದು ತಕ್ಕುದಲ್ಲ. ದಪ್ಪ ಮೈಯವರಿಗೆ, ಬಸುರಿಯರಿಗೆ, ಈಗ ತಾನೇ ಓಡಿ ಬಂದು ಬಸ್ಸು ಹತ್ತಿದವರಿಗೆ ಸೆಕೆ ಹೆಚ್ಚು.

ಇನ್ನು ಮುಚ್ಚಿರಿ ಎನ್ನುವವರ ಮಾತು. ಗಾಳಿಯ ಭಯ ನಮ್ಮ ಅಜ್ಜಿಯರೊಬ್ಬರದೇ ಎಂದು ತಿಳಿಯಬಾರದು. ೧೭೭೬ರ ಸೆಪ್ಟೆಂಬರಿನಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಜಾನ್ ಆಡಮ್ಸ್ ರಾಜಕಾರ್ಯದ ಮೇಲೆ ಪಯಣ ಹೊರಟವರು ದಾರಿಯ ಒಂದು ಛತ್ರದಲ್ಲಿ ಒಂದೇ ಹಾಸಿಗೆಯಲ್ಲಿ ಮಲಗಬೇಕಾಯಿತು. ಮೈ ಸರಿಯಿಲ್ಲದ ಆಡಮ್ಸ್ ರಾತ್ರಿಯ ಗಾಳಿಗೆ ಹೆದರಿ ಕಿಟಕಿ ಮುಚ್ಚಿದರು. ಫ್ರಾಂಕ್ಲಿನ್ ಒಪ್ಪಲಿಲ್ಲ, ತೆರೆಯಿಸಿ, ನೆಗಡಿ ಹೇಗೆ ಬರುತ್ತದೆಂದು ಉಪನ್ಯಾಸ ಆರಂಭಿಸಿದರು. ಉಪನ್ಯಾಸದ ನಡುವೆ ಆಡಮ್ಸ್ ನಿದ್ರೆ ಹೋದರು. (ಕಿಟಕಿಯ ಜಗಳ ಇಷ್ಟು ಸುಖವಾಗಿ ಮುಗಿದ ಇನ್ನೊಂದು ನಿದರ್ಶನವನ್ನು ನಾವು ಕಾಣೆವು.) ಮುಚ್ಚಿದ ಕೋಣೆಗಳಲ್ಲಿ, ಸಾರೋಟುಗಳಲ್ಲಿ ಒತ್ತಾಗಿ ಕುಳಿತು ಒಬ್ಬರ ಉಸಿರನ್ನೊಬ್ಬರು ಸೇವಿಸುವುದರಿಂದ ನೆಗಡಿ ಅಂಟುತ್ತದೆಂದು ಫ್ರಾಂಕ್ಲಿನ್ ೧೭೭೩ರಲ್ಲಿಯೇ ಬರೆದಿದ್ದರು. ಮಲೇರಿಯಾ ಎಂಬ ಹೆಸರಿನ ಅರ್ಥವೇ ಕೆಟ್ಟ ಗಾಳಿ. ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅದರ ಅಣುಜೀವಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡ ಮೇಲೆ ಆ ಅಪವಾದದಿಂದ ಗಾಳಿ ಪಾರಾಯಿತು.

ನೆಗಡಿಯನ್ನು ತರುವುದು ಗಾಳಿಯಲ್ಲ, ವೈರಸ್ಸು. ಆದರೂ ಅಜ್ಜಿಯ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ೨೦೦೫ರಲ್ಲಿ ಪ್ರಕಟವಾದ ಬ್ರಿಟನ್ನಿನ ಕಾರ್ಡಿಫ್ ನಗರದ ಪ್ರಯೋಗವೊಂದರಲ್ಲಿ ೯೦ ಜನರ ಕಾಲುಗಳನ್ನು ಇಪ್ಪತ್ತು ನಿಮಿಷ ತಣ್ಣೀರಿನಲ್ಲಿ ಇಡಿಸಿದರು. ಇನ್ನು ೯೦ ಜನರ ಕಾಲನ್ನು ಬರಿಯ ಬೋಗುಣಿಯಲ್ಲಿ ಇಡಿಸಿದರು. ಮುಂದಿನ ನಾಲ್ಕೈದು ದಿನಗಳಲ್ಲಿ ತಣ್ಣೀರಿನವರಲ್ಲಿ ೧೩ ಜನ, ಉಳಿದವರಲ್ಲಿ ೫ ಜನ ತಮಗೆ ನೆಗಡಿಯೆಂದರು. ಮೈಯಲ್ಲಿ ಮೊದಲೇ ಅಡಗಿದ್ದ ವೈರಸ್ಸು ಥಂಡಿಯಿಂದ ತಲೆಯೆತ್ತಿರಬಹುದೆಂದು ಅವರ ಊಹೆ. ಅದಲ್ಲದೆ ಉಬ್ಬಸವಿರುವವರಿಗೆ ತಣ್ಣನೆಯ ಗಾಳಿ, ಧೂಳು, ಹೊಗೆ ನಿಜವಾಗಿಯೂ ತೊಂದರೆ ಕೊಡುತ್ತವೆ. ಲಾರಿಯ ಹಿಂದೆ ಸಿಗ್ನಲಿನಲ್ಲಿ ನಿಂತ ಬಸ್ಸಿನ ಕಿಟಕಿಯಿಂದ ಬರುವುದು ಹೊಸ ಗಾಳಿಯೆಂದು ಯಾರು ಹೇಳಿಯಾರು?

ಹಾಗಾದರೆ ಎರಡೂ ಕಡೆ ಸಮವೇ? ಹಾಗೆಂದು ನಮಗೆ ತೋರುವುದಿಲ್ಲ. ೨೦೨೦ರ ಜನವರಿ ೧೯ರಂದು ಚೀನಾದೇಶದ ಪೂರ್ವಭಾಗದಲ್ಲಿ ಒಂದು ಪೂಜೆಗೆ ಎರಡು ಬಸ್ಸುಗಳಲ್ಲಿ ಜನ ಹೋದರು. ಹೋಗಿಬರುವ ಪಯಣ ಒಟ್ಟು ನೂರು ನಿಮಿಷ. ಒಂದು ಬಸ್ಸಿನಲ್ಲಿದ್ದ ೬೮ ಜನರಲ್ಲಿ ಒಬ್ಬರಿಗೆ ಕೋವಿಡ್ ತಗಲಿತ್ತು. ಆ ಬಸ್ಸಿನ ಹವಾನಿಯಂತ್ರಣ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತಿತ್ತು. ಕೊನೆಗೆ ಅವರೂ ಸೇರಿ ೨೪ ಜನಕ್ಕೆ ರೋಗ ಬಂದಿತು. ದೂರದ ಸಾಲುಗಳವರಿಗೂ ಬಿಡಲಿಲ್ಲ. ತೆರೆಯಬಲ್ಲ ಕಿಟಕಿಗಳ ಪಕ್ಕದಲ್ಲಿದ್ದವರಲ್ಲಿ ರೋಗ ಬಂದುದು ಒಬ್ಬರಿಗೆ ಮಾತ್ರ. ಇನ್ನೊಂದು ಬಸ್ಸಿನ ೬೦ ಜನರಲ್ಲಿ ಯಾರಿಗೂ ಬರಲಿಲ್ಲ. ಇಂಗಾಲಾಮ್ಲ ಅನಿಲಕ್ಕೆ ಈಗ ಮತ್ತೆ ಬೆಲೆ ಬಂದಿರುವುದು ಈ ಕಾರಣದಿಂದ. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ನಾನ್ನೂರಕ್ಕೂ ಸ್ವಲ್ಪ ಮೇಲೆ; ನಮ್ಮ ಬಾಯಿಂದ ಹೊರಡುವ ಉಸಿರಿನಲ್ಲಿ ಅದರ ನೂರು ಪಟ್ಟು. ಒಳಗೆ ಅದು ಏರಿದಷ್ಟೂ ನಾವು ಪರರ ಎಂಜಲು ಉಸಿರನ್ನು ಸೇವಿಸುತ್ತಿದ್ದೇವೆಂದು ಲೆಕ್ಕ.

ಮದರಾಸಿನವರಾದ ನಮಗೆ ಇನ್ನೊಂದು ರೋಗದ ಮಾತೂ ಹತ್ತಿರದ್ದು. ೧೯೨೮ರಲ್ಲಿ ಡಾಕ್ಟರ್ ಚೌರಿ ಮುತ್ತು ತಾಂಬರಮ್ಮಿನಲ್ಲಿ ಕ್ಷಯರೋಗಿಗಳಿಗಾಗಿ ಆರೋಗ್ಯಧಾಮ ಕಟ್ಟಿದಾಗ, ಬಯಲು ಗಾಳಿಯೇ ಮುಖ್ಯ ಔಷಧವಾಗಿತ್ತು. ೧೯೫೬ರಲ್ಲಿ ಚೇತ್‌ಪಟ್ಟಿನಲ್ಲಿ ಆರಂಭವಾದ ಕ್ಷಯ ಸಂಶೋಧನ ಕೇಂದ್ರದವರು ಬಡವರ ಇಕ್ಕಟ್ಟಿನ ಮನೆಗಳಲ್ಲಿಯೇ ರೋಗಿಗಳಿಗೆ ಔಷಧ ಕೊಟ್ಟು ನೋಡಿದರು. ಆರೋಗ್ಯಧಾಮದಲ್ಲಿ ಮಲಗಿದವರಷ್ಟೇ ಚೆನ್ನಾಗಿ ಇವರೂ ಚೇತರಿಸಿಕೊಂಡರೆಂದು ೧೯೫೯ರಲ್ಲಿ ತೋರಿಸಿದರು. ಜಗತ್ತೆಲ್ಲ ಆ ದಾರಿ ಹಿಡಿಯಿತು. ಗಾಳಿ ಕ್ಷಯವನ್ನು ವಾಸಿಮಾಡದು. ಆದರೆ ಔಷಧ ತೊಡಗುವ ಮುನ್ನ, ತನಗೆ ರೋಗವಿದೆಯೆಂದೇ ತಿಳಿಯದೆ ವಾರಗಟ್ಟಲೆ ಕೆಮ್ಮುತ್ತ ಬಸ್ಸಿನಲ್ಲಿ ಕುಳಿತವನಿಂದ ಅದು ಹರಡುವುದನ್ನು ಗಾಳಿ ತಗ್ಗಿಸಬಲ್ಲುದು. ಆರೇಳು ಜನ ಒಂದೇ ಕೋಣೆಯಲ್ಲಿ ಮಲಗುವ ನಮ್ಮ ಕೆಲಸಗಾರ ಬಂಧುಗಳು ಇದನ್ನು ಬಸ್ಸಿಗಿಂತ ಮೊದಲು ತಮ್ಮ ಕೋಣೆಗೆ ಅನ್ವಯಿಸಿಕೊಳ್ಳಬೇಕು. ಎರಡು ವಾರ ಮೀರಿದ ಕೆಮ್ಮಿದ್ದರೆ ಸರಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಧರ್ಮಾರ್ಥ ಮಾಡುತ್ತಾರೆ. ಸಂಬಳ ಕಡಿತದ ಭಯದಿಂದ ಮುಂದೂಡಬಾರದು.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು: ತುಂಬಿದ ಬಸ್ಸಿನಲ್ಲಿ ಕಿಟಕಿ ತೆರೆದಿರುವುದೇ ನಿಯಮ, ಮುಚ್ಚುವುದು ವಿನಾಯಿತಿ. ಕಿಟಕಿಯ ಪಕ್ಕದವರು ಅದರ ಒಡೆಯರೇನಲ್ಲ. ಕುಳಿತ ಇಬ್ಬರು ವಾದಿಸುತ್ತಿರುವಾಗ, ಕಂಬಿ ಹಿಡಿದು ನಡುವೆ ನಿಂತ ಇಪ್ಪತ್ತು ಜನರ ಮಾತನ್ನು ಯಾರೂ ಕೇಳುವುದಿಲ್ಲ. ಗಾಳಿಯ ಅಗತ್ಯ ಹೆಚ್ಚಿರುವುದು ಅವರಿಗೇ.

ಆದರೆ ತೆರೆಯುವುದರಲ್ಲೂ ಒಂದು ಕ್ರಮವಿದೆ. ಓಡುವ ಬಸ್ಸಿನಲ್ಲಿ ಕಿಟಕಿ ತೆರೆದವನಿಗಿಂತ ಅವನ ಹಿಂದಿನವನಿಗೆ ಗಾಳಿ ಜೋರಾಗಿ ಬಡಿಯುತ್ತದೆ. ಸರಿಯುವ ಗಾಜಿನ ಕಿಟಕಿಗಳಲ್ಲಾದರೆ ಒಬ್ಬರು ಗಾಜು ಹಿಂದಕ್ಕೆ ತಳ್ಳಿದೊಡನೆ ಹಿಂದಿನವರ ಪಾಲು ಮುಚ್ಚಿಹೋಗುತ್ತದೆ. ಅರ್ಧ ಜಗಳ ಹುಟ್ಟುವುದು ಇಲ್ಲಿಯೇ. ಒಂದು ಕಿಟಕಿಯನ್ನು ಪೂರ್ತಿ ತೆರೆಯುವುದಕ್ಕಿಂತ ಎರಡೂ ಬದಿಗಳಲ್ಲಿ ನಾಲ್ಕೈದು ಕಿಟಕಿಗಳನ್ನು ಗೇಣುಗೇಣು ತೆರೆದರೆ, ಬಂದ ಗಾಳಿಗೆ ಹೋಗಲು ದಾರಿಯಾಗಿ ಬಸ್ಸೆಲ್ಲ ಶುದ್ಧವಾಗುತ್ತದೆ. ಯಾರ ಕಿವಿಗೂ ಬಡಿಯುವುದಿಲ್ಲ. ಇದನ್ನು ಹೇಳಲು ತಮಿಳಿನಲ್ಲಿ ಮೂರು ಮಾತು ಸಾಕು: ‘ಜನ್ನಲ್ ಕೊಂಜಂ ತೊರಂಗ ಸಾರ್’ ಎಂದರೆ ಕಿಟಕಿ ಸ್ವಲ್ಪ ತೆರೆಯಿರಿ, ‘ಮೂಡುಂಗ’ ಎಂದರೆ ಮುಚ್ಚಿರಿ, ‘ಪಾದಿ’ ಎಂದರೆ ಅರ್ಧ. ಮೂರನೆಯದು ಎಲ್ಲಕ್ಕಿಂತ ಉಪಯುಕ್ತ.

ಸೀಟು ಆರಿಸಿಕೊಳ್ಳುವಾಗಲೂ ಜಾಣತನ ಮಾಡಬಹುದು. ಬೇಸಗೆಯಲ್ಲಿ ಮಧ್ಯಾಹ್ನದ ಸುಮಾರಿಗೆ ಕಡಲಗಾಳಿ ತಲೆದೋರುತ್ತದೆ. ಅದು ತಡವಾದ ದಿನಗಳಲ್ಲಿ ಪಡುವಣದ ಬಿಸಿಗಾಳಿಯೇ ಬೀಸಿ ಊರು ಬೇಯುತ್ತದೆ. ೨೦೦೩ರ ಮೇ ೩೧ರಂದು ಇಲ್ಲಿ ೪೫ ಡಿಗ್ರಿ ಮುಟ್ಟಿತ್ತು. ಸಂಜೆ ಊರೊಳಗಿನಿಂದ ಬೆಸೆಂಟ್ ನಗರಕ್ಕೆ ತೆಂಕಣಾಭಿಮುಖವಾಗಿ ಮರಳುವಾಗ ಕಡಲು ಎಡಕ್ಕೆ, ಇಳಿಬಿಸಿಲು ಬಲಕ್ಕೆ. ಎಡಬದಿಯಲ್ಲಿ ಕುಳಿತರೆ ನೆರಳೂ ಉಂಟು, ಗಾಳಿಯೂ ಉಂಟು. ಗಾಳಿ ಒಲ್ಲದವರು ಬಲಕ್ಕೆ ಕೂರಲಿ.

ಊರಿನ ರೈಲಿನ ಸಂಗತಿ ಬೇರೆ. ಮದರಾಸು ಬಿಡುವಾಗ ಬೆಂಗಳೂರು ಮೈಲಿನ ಸ್ಲೀಪರ್ ಡಬ್ಬಿಯಲ್ಲಿ ಎಲ್ಲ ಕಿಟಕಿಗಳೂ ತೆರೆದಿರಲೆಂದು ಎಲ್ಲರೂ ಬಯಸುತ್ತಾರೆ. ನಡುರಾತ್ರಿ ಕಳೆದು ಜೋಲಾರ್‌ಪೇಟೆ ದಾಟಿ ಕುಪ್ಪಂ ಕಡೆಗೆ ಗಾಡಿ ಏರತೊಡಗಿದಂತೆ ಹವೆ ಬದಲಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ೯೦೦ ಮೀಟರಿಗೂ ಮೇಲೆ. ಸಾವಿರ ಮೀಟರು ಏರಿದರೆ ಸುಮಾರು ಆರೂವರೆ ಡಿಗ್ರಿ ತಂಪು. ಕೆಳಗಿನ ಬರ್ತಿನವರು ನಡುಗುತ್ತ ಷಟರು ಎಳೆಯುತ್ತಾರೆ. ಮೇಲಿನ ಬರ್ತಿನವರು, ಆರು ಮಂದಿಯ ಬಿಸಿಯೆಲ್ಲ ಮೇಲೇರಿ ಕಾದ ಸೂರಿನಡಿಯಲ್ಲಿ ಬೆವರುತ್ತ, ತೆರೆಯಿರೆಂದು ಕೂಗುತ್ತಾರೆ. ಆರಡಿ ಅಂತರದಲ್ಲಿ ಎರಡು ಹವೆ! ರೈಲ್ವೆ ಕಾಯಿದೆಯ ೧೬೭ನೆಯ ಕಲಮಿನಂತೆ ಸಹಪ್ರಯಾಣಿಕರು ಆಕ್ಷೇಪಿಸಿದರೆ ಧೂಮಪಾನ ಮಾಡುವಂತಿಲ್ಲ. ಕಿಟಕಿಗೆ ಅಂಥ ಕಲಮು ಇಲ್ಲ. ಗಾಜನ್ನು ಇಳಿಸದೆ, ಸೀಳುಗಳುಳ್ಳ ತಗಡಿನ ಷಟರನ್ನು ಮಾತ್ರ ಇಳಿಸಿದರೆ ಬೀಸು ಕಡಿಮೆಯಾಗಿ ಗಾಳಿ ಆಡುತ್ತಿರುತ್ತದೆ; ಕೆಳಗಿನವರು ಒಂದು ಹೊದಿಕೆ ತರಲಿ. ಹೊದಿಕೆ ತಂದವನು ಹೊದೆಯಬಲ್ಲ, ಬೆವರುವವನು ಚರ್ಮ ಕಳಚಲಾರ.

ಈಗ ಮೆಟ್ರೋ ಗಾಡಿಗಳಲ್ಲಿ, ಹವಾನಿಯಂತ್ರಿತ ಬಸ್ಸುಗಳಲ್ಲಿ ಕಿಟಕಿಯನ್ನು ತೆರೆಯುವ ಹಾಗೆಯೇ ಇಲ್ಲ. ಜಗಳ ಕಿಟಕಿಯಿಂದ ಚಳಿಯ ಗುಂಡಿಗೆ ವರ್ಗವಾಗಿದೆ, ಅಷ್ಟೇ. ತಂಪು ಗಾಳಿಯೆಲ್ಲ ಹೊಸ ಗಾಳಿಯಲ್ಲವೆಂಬುದು ಆ ಚೀನಾದ ಬಸ್ಸಿನವರಿಗೆ ತಿಳಿದುದು ತಡವಾಗಿ. ಕೆಮ್ಮು ನೆಗಡಿ ಇರುವವರು ಅಂಥ ಗಾಡಿಯಲ್ಲಿ ಮುಖಗವಸು ಹಾಕಿಕೊಳ್ಳಬೇಕು. ಇಲ್ಲವಾದರೆ ಆ ದಿನದ ಮಟ್ಟಿಗೆ ಹಳೆಯ ಬಸ್ಸನ್ನೇ ಹತ್ತಿ, ಕಿಟಕಿಯ ಪಕ್ಕ ಕೇಳಿ ಪಡೆಯಲಿ.