ಮನೆಯಲ್ಲಿ ಪಾಠ: ಆರಂಭಿಸುವ ಮುನ್ನ

ಮಾತಿನಲ್ಲಿ, ಆಟದಲ್ಲಿ ಚುರುಕಾದ ಮಗುವೂ ಓದುಬರಹದಲ್ಲಿ ಹಿಂದುಳಿಯುವುದುಂಟು. ಅದು 'ಮ' 'ವ'ಗಳನ್ನು ಅದಲುಬದಲು ಮಾಡಬಹುದು. ಒತ್ತಕ್ಷರ, ದೀರ್ಘಗಳನ್ನು ಬಿಟ್ಟು ಬರೆಯಬಹುದು. ಇದು ಸೋಮಾರಿತನವಲ್ಲ, ದಡ್ಡತನವೂ ಅಲ್ಲ. ಅಕ್ಷರ ಮತ್ತು ಧ್ವನಿಗಳನ್ನು ಮಿದುಳು ಜೋಡಿಸಿಕೊಳ್ಳುವ ಕ್ರಮದಲ್ಲಿನ ತೊಡಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಇಂತಹ ಕಲಿಕಾ ನ್ಯೂನತೆಯನ್ನು ಮಾನ್ಯ ಮಾಡಿದೆ.

ಶಾಲೆ ಬಿಡಿಸಿ ಮನೆಯಲ್ಲಿಯೇ ಕಲಿಸಲು ಯೋಚಿಸುವ ತಂದೆತಾಯಿಗಳು ಮೊದಲು ಮಗುವಿನ ಕಣ್ಣು, ಕಿವಿಗಳನ್ನು ಪರೀಕ್ಷಿಸಿಸಬೇಕು. ಅವುಗಳಲ್ಲಿ ದೋಷವಿಲ್ಲವೆಂದಾದರೆ, ವೈದ್ಯರ ಸಲಹೆಯಂತೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆ ತಪಾಸಣೆ ಮಾಡಿಸುವುದು ಒಳಿತು. ತೊಡಕು ಎಲ್ಲಿದೆಯೆಂದು ತಿಳಿಯದೆ ಆರಂಭಿಸಿದ ಪಾಠದಿಂದ ಮಗುವಿಗೂ ನಿಮಗೂ ಬೇಸರವೇ ಉಳಿದೀತು.

ಪ್ರತಿದಿನ ಒಂದೇ ವೇಳೆಗೆ, ಹದಿನೈದು ಇಪ್ಪತ್ತು ನಿಮಿಷಗಳ ಚಿಕ್ಕ ಪಾಠಗಳಿರಲಿ. ಮಗು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಾ ಅದರ ಧ್ವನಿಯನ್ನು ಗಟ್ಟಿಯಾಗಿ ನುಡಿಯಲಿ. ಒಂದು ಅಕ್ಷರ ನೆಲೆನಿಂತ ಮೇಲೆಯೇ ಮುಂದಿನದು. ಇತರ ಪಾಠಗಳನ್ನು ನೀವೇ ಓದಿ ಹೇಳಿರಿ. ಓದಲು ಬಾರದೆಂದು ತಿಳಿವಳಿಕೆ ಕುಂಠಿತವಾಗಬಾರದು. ಸಂಜೆ ಓರಗೆಯ ಮಕ್ಕಳೊಡನೆ ಆಟ ತಪ್ಪದಿರಲಿ.

ಪರೀಕ್ಷೆಯ ಚಿಂತೆ ಬೇಡ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯು 3, 5 ಮತ್ತು 8ನೆಯ ತರಗತಿಗಳಿಗೆ ಸಮನಾದ ಹಂತಗಳನ್ನೂ, ಮುಂದೆ ಹತ್ತನೆಯ ತರಗತಿಯ ಪರೀಕ್ಷೆಯನ್ನೂ ನಡೆಸುತ್ತದೆ.

ಮಗುವನ್ನು ನೆರೆಮನೆಯ ಮಗುವಿನೊಡನೆ ಹೋಲಿಸಬೇಡಿ, ದಂಡಿಸಬೇಡಿ. ಹೊಡೆತದಿಂದ ಅಕ್ಷರ ಬಾರದು. ಕಲಿಯುವ ಆಸೆಯೇ ಬತ್ತಿಹೋದೀತು.