ಟ್ರಿನಿಡಾಡ್: ಕಬ್ಬಿನ ಬಯಲಲ್ಲಿ ಒಂದು ಹಗಲು

ಕೆರಿಬಿಯನ್ ದ್ವೀಪ ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್ ನಗರದಲ್ಲಿ ಬೆಳಗಾಗುವುದೇ ‘ಡಬಲ್ಸ್’ ಗಾಡಿಗಳ ಮುಂದೆ. ಸಮವಸ್ತ್ರ ತೊಟ್ಟ ಶಾಲಾ ಮಕ್ಕಳು, ರಾತ್ರಿ ಪಾಳಿ ಮುಗಿಸಿದ ನರ್ಸುಗಳು, ಟೈ ಕಟ್ಟಿದ ಬ್ಯಾಂಕ್ ನೌಕರರು, ಬಂದರಿನ ಹಮಾಲರು ಎಲ್ಲರೂ ಒಂದೇ ಕೊಡೆಯ ಕೆಳಗೆ ಒತ್ತಿಕೊಂಡು ನಿಂತಿರುತ್ತಾರೆ. ಗಾಡಿಯವನ ಕೈ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಅಂಗೈಮೇಲೆ ಕಾಗದ ಹರಡಿ, ಅರಿಶಿನ ಹಾಕಿ ಕರಿದ ಎರಡು ಮೆತ್ತನೆಯ ‘ಬಾರಾ’ಗಳನ್ನು ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಇಡುತ್ತಾನೆ. ಮೇಲೆ ಒಂದು ಸೌಟು ಕಾಬೂಲಿ ಕಡಲೆಯ ಸಾರು, ಚೂರು ಸೌತೆಕಾಯಿ, ಹುಣಸೆ ಚಟ್ನಿ. ತಲೆ ಎತ್ತಿ ಒಂದೇ ಪ್ರಶ್ನೆ ಕೇಳುತ್ತಾನೆ: “ಖಾರ ಎಷ್ಟು?” ಉತ್ತರ ಬರುವಷ್ಟರಲ್ಲಿ ಕಾಗದದ ತುದಿಗಳನ್ನು ತಿರುಚಿ ಕೈಗೆ ಕೊಟ್ಟಾಗಿರುತ್ತದೆ. ಚಮಚವಿಲ್ಲ, ತಟ್ಟೆಯಿಲ್ಲ. ನಿಂತಲ್ಲೇ, ಬೆರಳಿನಲ್ಲೇ ತಿನ್ನಬೇಕು. 1930ರ ದಶಕದಲ್ಲಿ ಪ್ರಿನ್ಸಸ್ ಟೌನ್ ಎಂಬ ಊರಿನಲ್ಲಿ ದೀನ್ ಮನೆತನದವರು ಮಾರಲು ತೊಡಗಿದ ಈ ತಿಂಡಿ ಇಂದು ಇಡೀ ದ್ವೀಪದ ಬೆಳಗಿನ ಉಪಾಹಾರ. ಆಫ್ರಿಕಾ ಮೂಲದವರು, ಭಾರತ ಮೂಲದವರು, ಚೀನೀಯರು ಎಂಬ ಭೇದ ಆ ಗಾಡಿಯ ಮುಂದೆ ಇಲ್ಲ.

ನಮ್ಮ ಪ್ರವಾಸ ಶುರುವಾದದ್ದು ಅಲ್ಲಿಂದಲೇ. ದೊಡ್ಡ ಬಸ್ಸಲ್ಲ, ಏಳೆಂಟು ಮಂದಿ ಹಿಡಿಯುವ ಒಂದು ವ್ಯಾನು. ಮಾರ್ಗದರ್ಶಕಿಯಾಗಿ ಬಂದವರು ಮಧ್ಯ ಟ್ರಿನಿಡಾಡಿನ ಹಳ್ಳಿಯೊಂದರ ನಿವೃತ್ತ ಶಿಕ್ಷಕಿ. ಅವರ ಮುತ್ತಜ್ಜಿ ಕಲ್ಕತ್ತೆಯಲ್ಲಿ ಹಡಗು ಹತ್ತಿ ಬಂದವರು. ದಾರಿಯುದ್ದಕ್ಕೂ ಹಳೆಯ ಶಿಷ್ಯರು “ಗುಡ್ ಮಾರ್ನಿಂಗ್, ಮಿಸ್” ಎಂದು ಕೈಬೀಸುತ್ತಿದ್ದರು. ವ್ಯಾನು ಎಲ್ಲಿ ಬೇಕೆಂದರೆ ಅಲ್ಲಿ ನಿಲ್ಲುತ್ತಿತ್ತು, ಬೇಲಿಯಾಚೆ ಕಂಡವರನ್ನು ಅವರು ಹೆಸರು ಹಿಡಿದು ಕೂಗಿ ಕರೆಯುತ್ತಿದ್ದರು. ಕ್ರೂಸ್ ಹಡಗಿನಿಂದಿಳಿದು ಐವತ್ತು ಜನರ ಹಿಂಡಿನಲ್ಲಿ ಓಡಾಡುವವರಿಗೆ ಈ ಭಾಗ್ಯ ಇರುವುದಿಲ್ಲ.

ನಗರ ಬಿಡುವ ಮುನ್ನ ಕ್ವೀನ್ಸ್ ಪಾರ್ಕ್ ಓವಲ್ ಮೈದಾನದ ಮುಂದೆ ವ್ಯಾನು ನಿಧಾನವಾಯಿತು. ಹಿನ್ನೆಲೆಯಲ್ಲಿ ಹಸಿರು ಗುಡ್ಡಗಳ ಸಾಲು. 1976ರ ಏಪ್ರಿಲ್‌ನಲ್ಲಿ ಭಾರತ 403 ರನ್ ಗುರಿ ಬೆನ್ನಟ್ಟಿ ಗೆದ್ದ ಟೆಸ್ಟ್ ನಡೆದದ್ದು ಇಲ್ಲಿ. ಗಾವಸ್ಕರ್ ಜೊತೆಗೆ ನಮ್ಮ ಜಿ.ಆರ್. ವಿಶ್ವನಾಥ್ ಹೊಡೆದ 112, ಕೊನೆಯಲ್ಲಿ ಔಟಾಗದೆ ನಿಂತ ಬ್ರಿಜೇಶ್ ಪಟೇಲ್, ಇವರನ್ನೆಲ್ಲ ಕರ್ನಾಟಕದ ಹಳೆಯ ರೇಡಿಯೊ ಕೇಳುಗರು ಮರೆತಿಲ್ಲ. ಈ ಊರಿನ ಹಿರಿಯರೂ ಮರೆತಿಲ್ಲ.

ದಕ್ಷಿಣಕ್ಕೆ ಹೆದ್ದಾರಿ ಹಿಡಿದರೆ ಗುಡ್ಡಗಳು ಹಿಂದೆ ಸರಿದು ಕರೋನಿ ಬಯಲು ತೆರೆದುಕೊಳ್ಳುತ್ತದೆ. ಒಂದು ಕಾಲಕ್ಕೆ ಕಣ್ಣು ಹಾಯುವಷ್ಟು ದೂರವೂ ಕಬ್ಬು ಬೆಳೆಯುತ್ತಿದ್ದ ನೆಲ ಇದು. 1838ರಲ್ಲಿ ಗುಲಾಮಗಿರಿ ಪೂರ್ತಿ ಕೊನೆಗೊಂಡು ಆಫ್ರಿಕಾ ಮೂಲದವರು ತೋಟಗಳನ್ನು ಬಿಟ್ಟು ನಡೆದಾಗ, ಸಕ್ಕರೆ ಮಾಲೀಕರು ಕೂಲಿಗಾಗಿ ಭಾರತದ ಕಡೆ ಕೈಚಾಚಿದರು. 1845ರ ಮೇ 30ರಂದು ‘ಫತೇಲ್ ರಜಾಕ್’ ಎಂಬ ಹಡಗು ಇನ್ನೂರಕ್ಕೂ ಹೆಚ್ಚು ಭಾರತೀಯರನ್ನು ಹೊತ್ತು ಇಲ್ಲಿನ ತೀರ ಮುಟ್ಟಿತು. ಅಲ್ಲಿಂದ 1917ರವರೆಗೆ ಸುಮಾರು 1.44 ಲಕ್ಷ ಮಂದಿ ಬಂದರು. ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು, ಸ್ವಲ್ಪ ಮಂದಿ ಮದ್ರಾಸ್ ಬಂದರಿನಿಂದ ಹೊರಟವರು. ಐದು ವರ್ಷಗಳ ಕರಾರು, ಗುಲಾಮರು ಬಿಟ್ಟುಹೋದ ಲಾಯದಂಥ ಸಾಲುಕೋಣೆಗಳಲ್ಲಿ ವಾಸ, ಚೀಟಿಯಿಲ್ಲದೆ ತೋಟದ ಗಡಿ ದಾಟಿದರೆ ಸೆರೆಮನೆ. ಒಂದೇ ಹಡಗಿನಲ್ಲಿ ಬಂದವರು ಜಾತಿ ಧರ್ಮ ನೋಡದೆ ‘ಜಹಾಜಿ ಭಾಯಿ’, ‘ಜಹಾಜಿ ಬೆಹನ್’ ಆದರು. ಆ ನಂಟಿನ ಮನೆಗಳ ನಡುವೆ ಮುಂದೆ ಎಷ್ಟೋ ಕಾಲ ಮದುವೆ ಸಂಬಂಧ ಬೆಳೆಸುತ್ತಿರಲಿಲ್ಲವಂತೆ. ಒಡಹುಟ್ಟಿದವರೆಂದೇ ಲೆಕ್ಕ.

ಸರ್ಕಾರಿ ಸಕ್ಕರೆ ಕಂಪನಿ ‘ಕರೋನಿ’ 2003ರಲ್ಲಿ ಮುಚ್ಚಿತು. ಸಾವಿರಾರು ಕುಟುಂಬಗಳ ಕೆಲಸ ಒಮ್ಮೆಗೇ ಹೋಯಿತು. ಗದ್ದೆಗಳಲ್ಲಿ ಈಗ ಮನೆಗಳ ಬಡಾವಣೆ, ತರಕಾರಿ ಮಡಿ, ಬರಿದೇ ಬೆಳೆದ ಹುಲ್ಲು. ಮನೆಗಳ ಅಂಗಳದಲ್ಲಿ ಮಾತ್ರ ಬಿದಿರುಗಳದ ತುದಿಗೆ ಕೆಂಪು, ಹಳದಿ, ಬಿಳಿ ಬಾವುಟಗಳು ಹಾರುತ್ತಿರುತ್ತವೆ. ಇವು ‘ಝಂಡಿ’ಗಳು. ಪೂಜೆ ಮುಗಿದ ಮೇಲೆ ನೆಡುವ ಗುರುತು, ಹನುಮಂತನಿಗೆ ಕೆಂಪು. ಬಿಸಿಲು ಮಳೆಗೆ ಬಣ್ಣ ಮಾಸಿ ಎಳೆ ಬಿಡುವ ತನಕವೂ ಅವನ್ನು ಕೀಳುವುದಿಲ್ಲ. 

ಚಗ್ವಾನಸ್ ಪೇಟೆಯ ಮುಖ್ಯರಸ್ತೆಯಲ್ಲಿ, ಬಟ್ಟೆಯಂಗಡಿ ಮೊಬೈಲ್ ಅಂಗಡಿಗಳ ಗದ್ದಲದ ನಡುವೆ, ದಪ್ಪ ಗೋಡೆಯ ಬಿಳಿಯ ಕಟ್ಟಡವೊಂದು ನಿಂತಿದೆ. ಮುಂಭಾಗದಲ್ಲಿ ಸಿಂಹಗಳ ಶಿಲ್ಪ. ಇದು ‘ಲಯನ್ ಹೌಸ್’. ಗೋರಖಪುರದ ಕಡೆಯಿಂದ ಕರಾರು ಕೂಲಿಯಾಗಿ ಬಂದ ಪಂಡಿತ್ ಕಪಿಲದೇವ್ 1920ರ ದಶಕದಲ್ಲಿ ಕಟ್ಟಿಸಿದ ಮನೆ. ಅವರ ಮಗಳ ಮಗನೇ ವಿ.ಎಸ್. ನೈಪಾಲ್. 1961ರಲ್ಲಿ ಬಂದ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ ಕಾದಂಬರಿಯ ‘ಹನುಮಾನ್ ಹೌಸ್’ಗೆ ಮೂಲ ಈ ಮನೆ. 2001ರ ನೊಬೆಲ್ ಪ್ರಶಸ್ತಿಯವರೆಗೆ ನಡೆದ ಬರಹದ ದಾರಿಗೆ ಬೀಜ ಬಿದ್ದದ್ದು ಈ ತುಂಬಿದ ಮನೆಯ ಜಗಳ, ಅಡುಗೆ, ಪೂಜೆಗಳ ನಡುವೆ. ನಾವು ಹೊರಗಿನಿಂದಲೇ ನೋಡಿದೆವು. ಕೂಲಿಯಾಗಿ ಹಡಗಿಳಿದವನು ಒಂದು ತಲೆಮಾರು ಕಳೆಯುವುದರೊಳಗೆ ಪೇಟೆಯ ಮಧ್ಯೆ ಇಂಥ ಮನೆ ಎಬ್ಬಿಸಿದ ಎಂಬುದು ಆ ಗೋಡೆಗಳನ್ನು ನೋಡಿದರೆ ಸಾಕು, ಮನಸ್ಸಿಗೆ ನಾಟುತ್ತದೆ.

ಪೇಟೆಯಿಂದ ಕೊಂಚ ದೂರದಲ್ಲೇ ಚೇಸ್ ವಿಲೇಜ್. ಇಲ್ಲಿ ಕೆಲವು ಕುಂಬಾರ ಮನೆತನಗಳು ಇಂದಿಗೂ ಕಸುಬು ಬಿಟ್ಟಿಲ್ಲ. ತಗಡಿನ ಮಾಡಿನ ಕೆಳಗೆ ತಿಗುರಿ ತಿರುಗುತ್ತಿತ್ತು. ಹದಗೊಳಿಸಿದ ಮಣ್ಣಿನ ಎತ್ತರದ ಮುದ್ದೆ, ಅದರ ನೆತ್ತಿಯಲ್ಲಿ ಕುಂಬಾರನ ಹೆಬ್ಬೆರಳು. ಬೆರಳು ಒಳಗೆ ಇಳಿದದ್ದೇ ತಡ, ಅಂಚು ಅರಳಿ ಹಣತೆಯಾಯಿತು. ಕಿರುಬೆರಳಿನಿಂದ ಬತ್ತಿಗೊಂದು ಕೊಕ್ಕು ಒತ್ತಿ, ದಾರವನ್ನು ಬುಡದಲ್ಲಿ ಎಳೆದು ಹಣತೆ ಬೇರೆ ಮಾಡಿ ಹಲಗೆಯ ಮೇಲೆ ಇಟ್ಟ. ಮಣ್ಣಿನ ಮುದ್ದೆಯ ನೆತ್ತಿಯಲ್ಲಿ ಮುಂದಿನ ಹಣತೆ ಆಗಲೇ ಮೂಡುತ್ತಿತ್ತು. ದೀಪಾವಳಿ ಇಲ್ಲಿ 1966ರಿಂದ ರಾಷ್ಟ್ರೀಯ ರಜೆ. ಆ ರಾತ್ರಿ ಬಿದಿರು ಸೀಳಿ ಬಗ್ಗಿಸಿ ಕಮಾನು ಕಟ್ಟಿ, ಅದರ ಮೇಲೆ ಸಾಲಾಗಿ ಹಣತೆ ಹಚ್ಚಿಡುವುದು ಇಲ್ಲಿನವರ ಪದ್ಧತಿ. ಕ್ರೈಸ್ತರು, ಮುಸ್ಲಿಮರು ಕೂಡ ದೀಪ ನೋಡಲು ಕಾರು ಹತ್ತಿ ಹಳ್ಳಿ ಹಳ್ಳಿ ಸುತ್ತುತ್ತಾರೆ.

ಮೂಲೆಯಲ್ಲಿ ಬೋಗುಣಿಯಾಕಾರದ ದೊಡ್ಡ ಮಣ್ಣಿನ ಪಾತ್ರೆಗಳಿದ್ದವು. ಅವು ‘ತಾಸಾ’ ಎಂಬ ವಾದ್ಯದ ಒಡಲು. ಬಾಯಿಗೆ ಆಡಿನ ಚರ್ಮ ಬಿಗಿದು, ನುಡಿಸುವ ಮೊದಲು ಬೆಂಕಿಯ ಹತ್ತಿರ ಹಿಡಿದು ಕಾಯಿಸುತ್ತಾರೆ. ಚರ್ಮ ಬಿಗಿಯಾದಂತೆ ದನಿ ಏರುತ್ತದೆ. ಎರಡು ತಾಸಾ, ಒಂದು ದೊಡ್ಡ ಡೋಲು, ಒಂದು ಜೊತೆ ತಾಳ ಸೇರಿದರೆ ಮೇಳ ಪೂರ್ಣ. ಮೊಹರಂ ಆಚರಣೆಯಾದ ‘ಹೊಸೇ’ಯಲ್ಲಿ ಅದೇ ಮೇಳ, ಹಿಂದೂ ಮದುವೆಯಲ್ಲೂ ಅದೇ, ಕಾರ್ನಿವಲ್ ಮೆರವಣಿಗೆಯಲ್ಲೂ ಅದೇ. ಸೇಂಟ್ ಜೇಮ್ಸ್ ಬಡಾವಣೆಯ ಹೊಸೇ ಮೆರವಣಿಗೆಯಲ್ಲಿ ಆಫ್ರಿಕಾ ಮೂಲದ ಯುವಕರೂ ಡೋಲಿಗೆ ಹೆಗಲು ಕೊಡುತ್ತಾರೆ ಎಂದು ಮಿಸ್ ಹೇಳಿದರು.

ಕಾರಾಪಿಚೈಮಾ ಹಳ್ಳಿ ಹತ್ತಿರವಾಗುತ್ತಿದ್ದಂತೆ ತೆಂಗಿನ ತಲೆಗಳ ಮೇಲೆ ಗದೆ ಹಿಡಿದ ಹನುಮಂತ ಕಾಣಿಸಿಕೊಂಡ. 85 ಅಡಿ ಎತ್ತರ. ಪಕ್ಕದಲ್ಲಿ ದ್ರಾವಿಡ ಶೈಲಿಯ ದತ್ತಾತ್ರೇಯ ಮಂದಿರ. ನಮ್ಮ ಗುಂಪಿನ ಉಳಿದವರಿಗೆ ಅದೊಂದು ಅಚ್ಚರಿ, ಕನ್ನಡದವರಿಗೆ ಪರಿಚಿತ ಹೆಸರು: ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಆಶ್ರಮದ ಶಾಖೆ ಇದು. ಮೂರ್ತಿ ಪ್ರತಿಷ್ಠೆಯಾದದ್ದು 2003ರಲ್ಲಿ, ಇದೇ ಬಯಲಿನ ಸಕ್ಕರೆ ಕಂಪನಿ ಮುಚ್ಚಿದ ವರ್ಷದಲ್ಲಿ. ಚಪ್ಪಲಿ ಬಿಟ್ಟು ಪ್ರದಕ್ಷಿಣೆ ಹಾಕುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ಹನುಮಾನ್ ಚಾಲೀಸಾವನ್ನು ಒಂದಕ್ಷರ ಎಡವದೆ ಹೇಳುತ್ತಿದ್ದರು. ಮಾತಾಡಿಸಿದರೆ ಮಾತೆಲ್ಲ ಇಂಗ್ಲಿಷು. ಮನೆಮಾತಾಗಿ ಭೋಜಪುರಿ ಅವರ ತಾಯಿಯ ಕಾಲಕ್ಕೇ ಮುಗಿದಿತ್ತಂತೆ. ಪ್ರಾರ್ಥನೆ ಮಾತ್ರ ಬಾಯಲ್ಲಿ ಉಳಿದಿದೆ.

ಮಧ್ಯಾಹ್ನದ ಊಟ ಒಂದು ಮನೆಯ ಹಿತ್ತಲಲ್ಲಿ, ‘ಸೊಹಾರಿ’ ಎಲೆಯ ಮೇಲೆ. ನಮ್ಮ ಬಾಳೆಲೆಯಷ್ಟೇ ಅಗಲ, ಅಷ್ಟೇ ಹಸಿರು. ಪೂಜೆಗೂ ಮದುವೆಗೂ ಇಲ್ಲಿ ಈ ಎಲೆಯೇ ಬೇಕು. ಅನ್ನ, ಬೇಳೆ, ಆಲೂ-ಕಡಲೆ, ಹಣ್ಣುಗುಂಬಳದ ಪಲ್ಯ, ಸೊಪ್ಪಿನ ಭಾಜಿ, ಓಟೆಯ ಸಮೇತ ಬೇಯಿಸಿದ ಮಾವಿನಕಾಯಿಯ ಸಿಹಿ-ಖಾರದ ಮೇಲೋಗರ, ಕಾವಲಿಯ ಮೇಲೆಯೇ ಹೊಡೆದು ಎಳೆ ಎಳೆಯಾಗಿ ಬಿಡಿಸಿದ ಪರೋಟ. ಬಡಿಸಿದ ಮನೆಯೊಡತಿ ಒಲೆ, ಕಾವಲಿ, ಲಟ್ಟಣಿಗೆಗೆ ಇಂದಿಗೂ ಚೂಲ್ಹಾ, ತವಾ, ಬೇಲನಾ ಎಂದೇ ಹೇಳುತ್ತಿದ್ದರು. ಮಾಡಿದ ಅಡುಗೆಯನ್ನು ಇನ್ನಷ್ಟು ಬಡಿಸಿಕೊಂಡಾಗ ಅವರ ಮುಖದಲ್ಲಿ ಕಂಡ ತೃಪ್ತಿಗೆ ಯಾವ ಭಾಷೆಯೂ ಬೇಕಿರಲಿಲ್ಲ.

ವಾಟರ್‌ಲೂ ಎಂಬ ಕರಾವಳಿ ಹಳ್ಳಿಯಲ್ಲಿ ಇಂಡಿಯನ್ ಕೆರಿಬಿಯನ್ ಮ್ಯೂಸಿಯಂ ಇದೆ. 2006ರಲ್ಲಿ ಆರಂಭವಾದದ್ದು. ದೊಡ್ಡದೇನಲ್ಲ. ಅಡುಗೆಯ ಸಾಮಾನು, ಹೊಲದ ಸಲಕರಣೆ, ವಾದ್ಯಗಳು, ಹಳೆಯ ಫೋಟೊಗಳು. ಒಂದು ಫೋಟೊದ ಮುಂದೆ ಮಿಸ್ ತುಸು ಹೊತ್ತು ನಿಂತರು. ಕೈತುಂಬ ಬೆಳ್ಳಿ ಬಳೆ ತೊಟ್ಟ ಒಬ್ಬ ಹೆಂಗಸು. ಕೂಲಿಯ ದುಡ್ಡನ್ನು ಬ್ಯಾಂಕಿಗಿಂತ ಮೈಮೇಲಿನ ಬೆಳ್ಳಿಯಲ್ಲಿಡುವುದೇ ಕ್ಷೇಮ ಎಂದು ಅಂದಿನ ಹೆಂಗಸರು ನಂಬಿದ್ದರು ಎಂದು ವಿವರಿಸಿದರು.

ಅಲ್ಲಿಂದ ಸ್ವಲ್ಪವೇ ದೂರದಲ್ಲಿ, ಪಾರಿಯಾ ಕೊಲ್ಲಿಯ ನೀರಿನೊಳಗೆ, ಈ ದಿನದ ಎಲ್ಲಕ್ಕಿಂತ ದೊಡ್ಡ ಕತೆ ನಿಂತಿದೆ. ಶಿವದಾಸ ಸಾಧು ಚಿಕ್ಕ ಮಗುವಾಗಿದ್ದಾಗಲೇ ತಂದೆ-ತಾಯಿಯ ಜೊತೆ ಬಂದು, ಬೆಳೆದು ಕಬ್ಬಿನ ಕೂಲಿಯಾದವರು. 1947ರಲ್ಲಿ ಕಡಲ ದಂಡೆಯಲ್ಲಿ ಒಂದು ಪುಟ್ಟ ಗುಡಿ ಕಟ್ಟಿದರು. ಜಾಗ ಸಕ್ಕರೆ ಕಂಪನಿಯದ್ದು. ಒಡೆಯಿರಿ ಎಂದರೆ ಸಾಧು ಒಪ್ಪಲಿಲ್ಲ. ನ್ಯಾಯಾಲಯ ಅವರನ್ನು 14 ದಿನ ಜೈಲಿಗೆ ಕಳಿಸಿತು, 1952ರಲ್ಲಿ ಗುಡಿಯನ್ನು ಕೆಡವಿದರು. ನೆಲಕ್ಕೆ ಒಡೆಯರಿದ್ದರೆ ಇರಲಿ, ಸಮುದ್ರಕ್ಕೆ ಒಡೆಯರಿಲ್ಲವಲ್ಲ ಎಂದು ಸಾಧು ನೀರಿನೊಳಗೆ ಗುಡಿ ಕಟ್ಟಲು ಹೊರಟರು. ಕೈಯಲ್ಲಿದ್ದದ್ದು ಒಂದು ಸೈಕಲ್ಲು, ಬಕೆಟ್ಟುಗಳು. ಇಳಿತದ ಹೊತ್ತಿಗೆ ಕೆಸರಿನಲ್ಲಿ ಕಲ್ಲು, ಮರಳು, ಸಿಮೆಂಟು ಸಾಗಿಸಿ, ಭರತ ಬರುವಷ್ಟರಲ್ಲಿ ಹಿಂದಿರುಗಿ, ನೂರಾರು ಅಡಿ ಉದ್ದದ ದಾರಿಯನ್ನು ಒಬ್ಬರೇ ಮಾಡಿದರು. ಊರಿನವರಲ್ಲಿ ನಕ್ಕವರೂ ಇದ್ದರು. ವರ್ಷಗಟ್ಟಲೆ ನಡೆದ ಆ ಕೆಲಸ ಅವರ ಬದುಕಿನ ಕೊನೆಯವರೆಗೂ ಸಾಗಿತು. ಅಲೆ ಹೊಡೆದು ಸವೆದ ಗುಡಿಯನ್ನು ಭಾರತೀಯರು ಬಂದ 150ನೇ ವರ್ಷದ ಸಂದರ್ಭದಲ್ಲಿ, 1990ರ ದಶಕದಲ್ಲಿ, ಸರ್ಕಾರವೇ ನೆರವು ಕೊಟ್ಟು ಮತ್ತೆ ಕಟ್ಟಿಸಿತು. ಒಬ್ಬ ಕೂಲಿಯನ್ನು ಗುಡಿ ಕಟ್ಟಿದ್ದಕ್ಕೆ ಜೈಲಿಗೆ ಹಾಕಿದ ನಾಡು ಅದೇ ಗುಡಿಯನ್ನು ರಾಷ್ಟ್ರದ ಹೆಮ್ಮೆಯೆಂದು ತೋರಿಸುತ್ತಿದೆ.

ದಾರಿಯ ಮೊದಲಲ್ಲಿ ಸಾಧುವಿನ ಪ್ರತಿಮೆ, ತುದಿಯಲ್ಲಿ ಎಂಟು ಮೂಲೆಯ ಬಿಳಿ ಗುಡಿ. ಸುತ್ತ ಝಂಡಿಗಳು ಗಾಳಿಗೆ ಪಟಪಟಿಸುತ್ತಿದ್ದವು. ನಾವು ಹೋದಾಗ ಇಳಿತ. ನೀರು ದೂರ ಸರಿದು ಕೆಸರು ಬಯಲಾಗಿತ್ತು, ಬೆಳ್ಳಕ್ಕಿಗಳು ಏಡಿ ಹುಡುಕುತ್ತಿದ್ದವು. ಸಾಧು ಬಕೆಟ್ಟು ಹೊತ್ತು ತುಳಿದ ಕೆಸರು ಇದೇ. ಪಕ್ಕದ ದಂಡೆಯಲ್ಲಿ ಚಿತೆಗಳನ್ನು ಉರಿಸುವ ಸ್ಮಶಾನ. ಅಲ್ಲಿ ಒಂದು ಕುಟುಂಬ ಅಸ್ಥಿಯನ್ನು ನೀರಿಗೆ ಬಿಡುತ್ತಿತ್ತು. ಗಂಗೆ ಕಾಣದ ಜನ ಈ ಕೊಲ್ಲಿಯನ್ನೇ ಗಂಗೆಯಾಗಿಸಿಕೊಂಡಿದ್ದಾರೆ.

ಸಂಜೆ ಕರೋನಿ ಜೌಗಿನಲ್ಲಿ ದೋಣಿ. ಕಾಂಡ್ಲಾ ಗಿಡಗಳ ಬೇರುಗಳ ನಡುವಿನ ಕಾಲುವೆಯಲ್ಲಿ ದೋಣಿ ಸದ್ದಡಗಿಸಿ ಸಾಗುತ್ತದೆ. ಕೊಂಬೆಯ ಮೇಲೆ ಸುರುಳಿ ಸುತ್ತಿ ಮಲಗಿದ ಹಾವನ್ನು ದೋಣಿಯವನು ಬೆರಳು ತೋರಿಸಿದ ಮೇಲೂ ಕಾಣಲು ಹೊತ್ತು ಹಿಡಿಯಿತು. ಸೂರ್ಯ ಇಳಿಯುತ್ತಿದ್ದಂತೆ ಕೆಂಪು ಐಬಿಸ್ ಹಕ್ಕಿಗಳು ಹಿಂಡು ಹಿಂಡಾಗಿ ಬಂದು ಹಸಿರು ನಡುಗಡ್ಡೆಯೊಂದರ ಮೇಲೆ ಇಳಿಯತೊಡಗಿದವು. ಮರಿಗಳು ಬೂದು-ಕಂದು, ಏಡಿ ಸೀಗಡಿ ತಿಂದು ದೊಡ್ಡವಾದಂತೆ ಕೆಂಪು ಬಣ್ಣ ಬಲಿಯುತ್ತದೆ. ಇದು ಟ್ರಿನಿಡಾಡಿನ ರಾಷ್ಟ್ರಪಕ್ಷಿ. ಮಾಂಸಕ್ಕಾಗಿ ಕದ್ದು ಕೊಲ್ಲುವವರ ಕಾಟ ತಡೆಯಲು 2018ರಲ್ಲಿ ಕಾನೂನನ್ನು ಬಿಗಿಗೊಳಿಸಿ, ಒಂದು ಲಕ್ಷ ಟ್ರಿನಿಡಾಡ್ ಡಾಲರ್ ದಂಡ ಮತ್ತು ಎರಡು ವರ್ಷದ ಸೆರೆವಾಸ ವಿಧಿಸಲಾಗಿದೆ.

2011ರ ಜನಗಣತಿಯ ಪ್ರಕಾರ ಈ ದೇಶದಲ್ಲಿ ಭಾರತ ಮೂಲದವರು ನೂರಕ್ಕೆ 35, ಆಫ್ರಿಕಾ ಮೂಲದವರು 34. ಇಬ್ಬರೂ ಬಲವಂತವಾಗಿಯೋ ವಂಚನೆಯಿಂದಲೋ ಕಬ್ಬಿನ ಕೆಲಸಕ್ಕೆ ಬಂದವರ ಮಕ್ಕಳು. ಅವರ ದುಡಿಮೆಯ ಸಕ್ಕರೆ ಯುರೋಪಿನ ಚಹಾದಲ್ಲಿ ಕರಗಿಹೋಯಿತು. ಅವರು ಕಟ್ಟಿಕೊಂಡ ಅಡುಗೆ, ವಾದ್ಯ, ಗುಡಿ, ಹಬ್ಬಗಳು ಮಾತ್ರ ಇಲ್ಲಿ ಉಳಿದಿವೆ. ಕೆರಿಬಿಯನ್ ಎಂದರೆ ಬಿಳಿ ಮರಳು, ನೀಲಿ ನೀರು ಎಂದಷ್ಟೇ ಜಾಹೀರಾತುಗಳು ಹೇಳುತ್ತವೆ. ಟ್ರಿನಿಡಾಡಿಗೆ ಹೋಗುವ ಕನ್ನಡಿಗರಲ್ಲಿ ನನ್ನ ಮನವಿ ಇಷ್ಟು: ಒಂದು ಇಡೀ ದಿನವನ್ನು ಈ ಬಯಲಿಗಾಗಿ ಎತ್ತಿಡಿ. ಜನವರಿಯಿಂದ ಮೇವರೆಗಿನ ಒಣಹವೆಯಲ್ಲಿ ಹೋದರೆ ಒಳ್ಳೆಯದು, ದೀಪಾವಳಿಗೆ ಹೋದರೆ ಇನ್ನೂ ಒಳ್ಳೆಯದು. ದೊಡ್ಡ ಬಸ್ಸು ಬೇಡ, ಆ ಊರಿನಲ್ಲೇ ಹುಟ್ಟಿ ಬೆಳೆದವರು ಕರೆದೊಯ್ಯುವ ಸಣ್ಣ ವ್ಯಾನು ಹಿಡಿಯಿರಿ. ನೀವು ಕೊಡುವ ದುಡ್ಡು ಆ ಕುಂಬಾರನಿಗೆ, ಆ ದೋಣಿಯವನಿಗೆ, ಆ ಅಡುಗೆ ಮಾಡಿದ ಕೈಗಳಿಗೆ ನೇರವಾಗಿ ಸೇರಲಿ. ಅವರ ಅಜ್ಜ ಅಜ್ಜಿಯರಿಗೆ ನ್ಯಾಯವಾದ ಕೂಲಿ ಯಾರೂ ಕೊಡಲಿಲ್ಲ.