ಕಿರಂಗೂರಿನ ಬನ್ನಿಮಂಟಪ

ಮೈಸೂರು ದಸರೆಯನ್ನು ಕಂಡವರೆಲ್ಲರೂ ಅದರ ತವರನ್ನು ಬಲ್ಲರೆನ್ನಲಾಗದು. ಕ್ರಿ.ಶ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು, ಆ ವರ್ಷವೇ ಅಲ್ಲಿ ನವರಾತ್ರಿಯನ್ನು ನಡೆಸಿದರು. ವಿಜಯನಗರದ ಮಹಾನವಮಿಯ ಪರಂಪರೆಯನ್ನು ಮುಂದುವರಿಸಿದ ಈ ಉತ್ಸವವೇ, ಪಾಳೆಯಪಟ್ಟೊಂದು ರಾಜ್ಯವಾದುದನ್ನು ಲೋಕಕ್ಕೆ ಸಾರಿತು.

ಕೋಟೆಯೊಳಗೆ ಅಷ್ಟೊಂದು ದೇವಾಲಯಗಳಿರಲು, ಬನ್ನಿಯ ಪೂಜೆಗೆ ಹೊಳೆಯಾಚೆಯ ಕಿರಂಗೂರೇಕೆ? ವಿಜಯದಶಮಿಯಂದು ಅರಸನು ಊರೆಲ್ಲೆಯನ್ನು ದಾಟಿ ಶಮೀವೃಕ್ಷವನ್ನು ಪೂಜಿಸಬೇಕೆಂಬುದು ಸಂಪ್ರದಾಯ, ಅದೇ ಸೀಮೋಲ್ಲಂಘನ. ಕಾವೇರಿಯ ಉತ್ತರದ ಕವಲೇ ಆ ದ್ವೀಪದುರ್ಗದ ಎಲ್ಲೆ. ಪಾಂಡವರು ಆಯುಧಗಳನ್ನಿರಿಸಿದ್ದೂ ವಿರಾಟನಗರದ ಹೊರಗಣ ಬನ್ನಿಯಲ್ಲಿ ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು!

1799ರ ತರುವಾಯ ರಾಜಧಾನಿಯೊಡನೆ ಉತ್ಸವವೂ ಮೈಸೂರಿಗೆ ಹೋಯಿತು. ಅಲ್ಲಿಯೂ ಬನ್ನಿಮಂಟಪವನ್ನು ಊರ ಹೊರಗೇ ನಿಲ್ಲಿಸಿದರು. ಶ್ರೀರಂಗಪಟ್ಟಣದ ದಸರೆ ಈಗ ಮರಳಿ ನಡೆಯುತ್ತಿದ್ದು, ಅದರ ಮೆರವಣಿಗೆ ಕಿರಂಗೂರಿನ ಮಂಟಪದಿಂದಲೇ ಹೊರಡುತ್ತದೆ. ಮೈಸೂರಿಗೆ ಮಕ್ಕಳನ್ನು ಕರೆದೊಯ್ಯುವ ಅಧ್ಯಾಪಕರು ಮೊದಲು ಇಲ್ಲಿ ಅರ್ಧ ಗಳಿಗೆ ನಿಲ್ಲಬೇಕು.